ಮಿನಿಕಾಯ್‌ನ ದೀಪ ಯಾರಿಗಾಗಿ ಉರಿಯುತ್ತದೆ?

ಲಕ್ಷದ್ವೀಪದ ನಕ್ಷೆಯನ್ನು ಒಮ್ಮೆ ತೆರೆದು ನೋಡಿ. ಹೆಚ್ಚಿನ ದ್ವೀಪಗಳೆಲ್ಲ ಮೇಲ್ಗಡೆ ಒಂದು ಗುಂಪಾಗಿ ಕಾಣುತ್ತವೆ. ಅಲ್ಲಿಂದ ಕೆಳಕ್ಕೆ ಸುಮಾರು 200 ಕಿಲೋಮೀಟರ್ ಬರೀ ಸಮುದ್ರ. ಆಮೇಲೆ ಒಂದೇ ಒಂದು ದ್ವೀಪ ಸಿಗುತ್ತದೆ. ಸಪೂರ, ಬಾಗಿದ ದ್ವೀಪ. ಅದೇ ಮಿನಿಕಾಯ್. ಅಲ್ಲಿನವರು ಅದನ್ನು ಮಲಿಕು ಎನ್ನುತ್ತಾರೆ. ಕೊಚ್ಚಿಯಿಂದ ಅದಕ್ಕೆ ಸುಮಾರು 400 ಕಿಲೋಮೀಟರ್. ಇನ್ನೂ ದಕ್ಷಿಣಕ್ಕೆ ಹೋದರೆ ಮಾಲ್ದೀವ್ಸ್ ಶುರುವಾಗುತ್ತದೆ. ಆಡಳಿತ ಲಕ್ಷದ್ವೀಪದ್ದೇ ಆದರೂ ಇಲ್ಲಿನ ಮಾತು ಮಲಯಾಳಂ ಅಲ್ಲ. ಮಾಲ್ದೀವ್ಸ್‌ನ ದಿವೇಹಿಗೆ ತೀರಾ ಹತ್ತಿರದ ಮಹಲ್ ಭಾಷೆ, ಬಲದಿಂದ ಎಡಕ್ಕೆ ಬರೆಯುವ ತಾನಾ ಲಿಪಿ.

ಈ ದ್ವೀಪದ ದಕ್ಷಿಣ ಭಾಗದಲ್ಲಿ 1885ರಲ್ಲಿ ಕಟ್ಟಿದ ಒಂದು ಲೈಟ್‌ಹೌಸ್ ಇದೆ. ಎತ್ತರ ಸುಮಾರು 47 ಮೀಟರ್. ಅಂದರೆ ಹದಿನೈದು ಮಹಡಿಯ ಕಟ್ಟಡದಷ್ಟು. ಸುತ್ತ ತೆಂಗಿನ ಮರ, ಮರಳು, ಮೀನು ಹಿಡಿಯುವ ದೋಣಿಗಳು. ದ್ವೀಪದ ಒಟ್ಟು ನೆಲ ಐದು ಚದರ ಕಿಲೋಮೀಟರ್ ಕೂಡ ಇಲ್ಲ. 2011ರ ಜನಗಣತಿಯಲ್ಲೂ ಇಲ್ಲಿದ್ದವರು ಹತ್ತು ಸಾವಿರ ಚಿಲ್ಲರೆ ಜನ. ಇಷ್ಟು ಸಣ್ಣ ಜಾಗಕ್ಕೆ ಅಷ್ಟು ದೊಡ್ಡ ಗೋಪುರ ಯಾಕೆ ಬೇಕಿತ್ತು?

ಮಿನಿಕಾಯ್‌ನವರಿಗೆ ಅದರ ಅಗತ್ಯ ಅಷ್ಟೇನೂ ಇರಲಿಲ್ಲ. ಅವರು ಹುಟ್ಟಾ ನಾವಿಕರು. ಅಲ್ಲಿನ ಗಂಡಸರು ಇವತ್ತಿಗೂ ಜಗತ್ತಿನ ಹಡಗುಗಳಲ್ಲಿ ಕೆಲಸಕ್ಕೆ ಹೋಗುತ್ತಾರೆ. ತಮ್ಮ ಸಮುದ್ರದ ಒಳಹೊರಗು ಅವರಿಗೆ ಗೊತ್ತು. ಗೋಪುರ ಕಟ್ಟಿದ್ದು ಈ ದ್ವೀಪಕ್ಕೆ ಬರುವವರಿಗೂ ಅಲ್ಲ. ಇಲ್ಲಿ ನಿಲ್ಲದೆ ದಾಟಿ ಹೋಗುವ ಹಡಗುಗಳಿಗಾಗಿ ಅದನ್ನು ಕಟ್ಟಿದರು. ಅದರ ಎತ್ತರ, ಅದರೊಳಗಿನ ಗಾಜು, ಅದರ ವಿಚಿತ್ರ ಒಡೆತನದ ಕಥೆ ಎಲ್ಲಕ್ಕೂ ಕಾರಣ ಇದೇ. ಅಲ್ಲಿಗೆ ಹೋಗಿ ಮೆಟ್ಟಿಲು ಹತ್ತಿ, ಫೋಟೋ ತೆಗೆದು ಸುಮ್ನೆ ಇಳಿದು ಬರುವವರೇ ಜಾಸ್ತಿ. ಸ್ವಲ್ಪ ತಿಳಿದುಕೊಂಡು ಹೋದರೆ ನೋಡುವುದಕ್ಕೆ ಬೇಕಾದಷ್ಟಿದೆ.

ಹಗ್ಗ ಇಳಿಬಿಟ್ಟರೂ ತಳ ಸಿಗದ ಸಮುದ್ರ

ನಮ್ಮ ಕರಾವಳಿಯಲ್ಲಿ, ಮಂಗಳೂರು ಇರಲಿ ಕಾರವಾರ ಇರಲಿ, ದಡ ಹತ್ತಿರವಾದಂತೆ ಸಮುದ್ರದ ತಳ ನಿಧಾನವಾಗಿ ಮೇಲೇರುತ್ತದೆ. ಹಿಂದೆ ನಾವಿಕರು ಸೀಸದ ಗುಂಡು ಕಟ್ಟಿದ ಹಗ್ಗ ಇಳಿಸಿ ಆಳ ನೋಡುತ್ತಿದ್ದರು. ಗುಂಡಿನ ಅಡಿಗೆ ಕೊಬ್ಬು ಮೆತ್ತಿರುತ್ತಿದ್ದರು. ಅದಕ್ಕೆ ಅಂಟಿಕೊಂಡು ಬಂದದ್ದು ಮರಳೋ ಕೆಸರೋ ಚಿಪ್ಪೋ ಅಂತ ನೋಡಿ, ಎಲ್ಲಿದ್ದೇವೆ ಎಂದು ಲೆಕ್ಕ ಹಾಕುತ್ತಿದ್ದರು. ಕಗ್ಗತ್ತಲಲ್ಲೂ ದಡ ಹತ್ತಿರ ಬಂತು ಎನ್ನುವ ಸೂಚನೆ ಹೀಗೆ ಸಿಗುತ್ತಿತ್ತು.

ಹವಳದ ದ್ವೀಪದ ಹತ್ತಿರ ಈ ಉಪಾಯ ನಡೆಯುವುದಿಲ್ಲ. ಲಕ್ಷದ್ವೀಪ, ಮಾಲ್ದೀವ್ಸ್, ಚಾಗೋಸ್ ಮೂರೂ ಸಮುದ್ರದೊಳಗಿನ ಒಂದೇ ಉದ್ದನೆಯ ಬೆಟ್ಟಸಾಲಿನ ಮೇಲೆ ಕೂತಿವೆ. ಬಹಳಷ್ಟು ಭೂವಿಜ್ಞಾನಿಗಳ ಪ್ರಕಾರ ಈ ಸಾಲನ್ನು ಉಗುಳಿದ್ದು ಈಗ ರಿಯೂನಿಯನ್ ದ್ವೀಪದ ಕೆಳಗಿರುವ ಜ್ವಾಲಾಮುಖಿ ತಾಣ. ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ದಖನ್ನಿನ ಲಾವಾ ಉಕ್ಕಿಸಿದ್ದೂ ಅದೇ ಎನ್ನುತ್ತಾರೆ. ಹಾಗೆ ನೋಡಿದರೆ ಬೆಳಗಾವಿ, ವಿಜಯಪುರದ ಕಪ್ಪು ಮಣ್ಣಿಗೂ ಮಿನಿಕಾಯ್‌ನ ಬುಡಕ್ಕೂ ದೂರದ ನೆಂಟಸ್ತಿಕೆ ಇದೆ!

ಜ್ವಾಲಾಮುಖಿಯ ಬೆಟ್ಟ ನಿಧಾನವಾಗಿ ಮುಳುಗುತ್ತಾ ಹೋಗುತ್ತದೆ. ಅದರ ಅಂಚಿನಲ್ಲಿ ಬೆಳೆದ ಹವಳ ಮಾತ್ರ ಬೆಳಕು ಬೇಕೆಂದು ಮೇಲಕ್ಕೆ ಬೆಳೆಯುತ್ತಲೇ ಇರುತ್ತದೆ. ಕೊನೆಗೆ ಬೆಟ್ಟ ಕಾಣೆಯಾಗಿ ಹವಳದ ಉಂಗುರವೊಂದೇ ಉಳಿಯುತ್ತದೆ. ಈ ವಿವರಣೆ ಕೊಟ್ಟದ್ದು ಚಾರ್ಲ್ಸ್ ಡಾರ್ವಿನ್, 1842ರಲ್ಲಿ. ಉಂಗುರದ ಒಳಗೆ ತಿಳಿನೀಲಿ ನೀರಿನ ಲಗೂನ್, ಆಳ ಕಡಿಮೆ. ಹೊರಗೆ ಗೋಡೆಯ ಹಾಗೆ ಕಡಿದಾದ ಇಳಿಜಾರು. ಸ್ವಲ್ಪ ದೂರದಲ್ಲೇ ನೂರಾರು, ಆಮೇಲೆ ಸಾವಿರಾರು ಮೀಟರ್ ಆಳ.

ರಾತ್ರಿ ಬರುವ ಹಡಗಿಗೆ ಇದರ ಅರ್ಥ ಏನು? ಹಗ್ಗ ಇಳಿಸಿದರೆ ತಳ ಸಿಗುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಇಳಿಸಿದರೂ ಸಿಗುವುದಿಲ್ಲ. ಮುಂದಿನ ಸಲ ಇಳಿಸುವ ಮೊದಲೇ ಹಡಗು ಹವಳದ ದಿಬ್ಬದ ಮೇಲೆ ಕೂತಿರುತ್ತದೆ. ದ್ವೀಪದ ನೆಲ ಸಮುದ್ರಮಟ್ಟಕ್ಕಿಂತ ಒಂದೆರಡು ಮೀಟರ್ ಮೇಲಿದ್ದರೆ ಹೆಚ್ಚು. ಹಗಲಲ್ಲಿ ತೆಂಗಿನ ತಲೆಗಳು ಕಾಣುತ್ತವೆ. ರಾತ್ರಿ ಅದೂ ಇಲ್ಲ.

1862ರ ನವೆಂಬರ್‌ನಲ್ಲಿ ಆದದ್ದು ಇದೇ ಬಗೆಯ ಅವಘಡ. ಬ್ರಿಟನ್ನಿನ ಪಿ ಅಂಡ್ ಓ ಹಡಗು ಕಂಪನಿಯ 'ಕೊಲಂಬೊ' ಎಂಬ ಉಗಿಹಡಗು ಸೂಯೆಜ್ ಕಡೆಗೆ ಹೊರಟಿತ್ತು. ಮಿನಿಕಾಯ್‌ನ ದಿಬ್ಬಕ್ಕೆ ಬಡಿದು ಒಡೆಯಿತು. ಆಗ ಸೂಯೆಜ್ ಕಾಲುವೆ ಇನ್ನೂ ಆಗಿರಲಿಲ್ಲ. ಭಾರತದಿಂದ ಹೋದವರು ಸೂಯೆಜ್‌ನಲ್ಲಿ ಇಳಿದು, ಈಜಿಪ್ಟನ್ನು ನೆಲದ ಮೇಲೆ ದಾಟಿ, ಆಚೆ ಬದಿಯಲ್ಲಿ ಮತ್ತೊಂದು ಹಡಗು ಹತ್ತಬೇಕಿತ್ತು. 1869ರ ನವೆಂಬರ್‌ನಲ್ಲಿ ಕಾಲುವೆ ತೆರೆಯಿತು. ಅಲ್ಲಿಂದ ಮುಂದೆ ಯುರೋಪ್‌ನಿಂದ ಕೊಲಂಬೊ, ಕಲ್ಕತ್ತಾ, ಸಿಂಗಪುರ, ಆಸ್ಟ್ರೇಲಿಯಾ ಕಡೆಗೆ ಹೋಗುವ ಉಗಿಹಡಗುಗಳ ಸಾಲು ಇದೇ ದಾರಿ ಹಿಡಿಯಿತು. ಯೆಮನ್‌ನ ಏಡನ್ ಬಂದರು ಬಿಟ್ಟು, ಸೊಕೊಟ್ರಾ ದ್ವೀಪ ದಾಟಿದರೆ ಮುಂದೆ ದಾರಿಯಲ್ಲಿ ಸಿಗುವ ನೆಲ ಮಿನಿಕಾಯ್. ಏಡನ್‌ನಿಂದ ಅದಕ್ಕೆ ಸುಮಾರು 3,000 ಕಿಲೋಮೀಟರ್.

ಅಷ್ಟು ದೂರ ಬರುವಾಗ ಹಡಗಿನ ಲೆಕ್ಕ ಸರಿ ಇರಬೇಕೆಂದಿಲ್ಲ. ಸೂರ್ಯ, ನಕ್ಷತ್ರ ನೋಡಿ ಜಾಗ ಗುರುತಿಸುವ ಕಾಲ ಅದು. ಮುಂಗಾರಿನಲ್ಲಿ ದಿನಗಟ್ಟಲೆ ಮೋಡ ಬಿಡುವುದಿಲ್ಲ. ಆಗ ವೇಗ, ದಿಕ್ಕು, ಸಮಯ ಮೂರನ್ನೂ ನೋಡಿ ಅಂದಾಜು ಮಾಡಬೇಕು. ಅಡಿಯಲ್ಲಿ ಹರಿವು ಬೇರೆ. ಮುಂಗಾರಿನಲ್ಲಿ ನೀರು ಪೂರ್ವಕ್ಕೆ ಹರಿದರೆ, ಚಳಿಗಾಲದಲ್ಲಿ ಪಶ್ಚಿಮಕ್ಕೆ ತಿರುಗುತ್ತದೆ. ದಿನಕ್ಕೆ ಸ್ವಲ್ಪ ಸ್ವಲ್ಪ ತಪ್ಪಿದರೂ 3,000 ಕಿಲೋಮೀಟರ್ ಮುಗಿಯುವ ಹೊತ್ತಿಗೆ ಅದು ದೊಡ್ಡ ತಪ್ಪಾಗುತ್ತದೆ.

ಲೈಟ್‌ಹೌಸ್ ಅಂದರೆ 'ಇಲ್ಲಿ ಅಪಾಯ ಇದೆ, ದೂರ ಹೋಗು' ಎಂದು ಹೇಳುವುದು ಅಂತ ನಾವು ಅಂದುಕೊಂಡಿರುತ್ತೇವೆ, ಅಲ್ವಾ? ಮಿನಿಕಾಯ್ ವಿಷಯದಲ್ಲಿ ಅದು ಅರ್ಧ ಸತ್ಯ ಅಷ್ಟೆ. ದೀಪ ಬಂದ ಮೇಲೆ ಕ್ಯಾಪ್ಟನ್‌ಗಳು ಅದನ್ನು ಹುಡುಕಿಕೊಂಡೇ ಬರತೊಡಗಿದರು. ದೀಪ ಕಂಡಿತು ಅಂದರೆ ಹಡಗು ಎಲ್ಲಿದೆ ಎನ್ನುವುದು ಖಚಿತ. ಅಲ್ಲಿಯವರೆಗಿನ ತಪ್ಪು ಲೆಕ್ಕವನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡಬಹುದು. ಇಲ್ಲಿಂದ ಶ್ರೀಲಂಕಾದ ಕಡೆಗೆ ದಿಕ್ಕು ಹಿಡಿದರೆ ಆಯಿತು.

47 ಮೀಟರ್ ಯಾಕೆ?

ಭೂಮಿ ಗುಂಡಗಿದೆ. ಸಮುದ್ರದ ಮೇಲೆ ನೋಟಕ್ಕೆ ಅಡ್ಡ ಬರುವುದು ಭೂಮಿಯ ಆ ಉಬ್ಬೇ. ಎಷ್ಟು ದೂರದವರೆಗೆ ಕಾಣುತ್ತದೆ ಎಂದು ತಿಳಿಯಲು ನಾವಿಕರ ಬಳಿ ಒಂದು ಸುಲಭದ ಲೆಕ್ಕ ಇದೆ. ಕಣ್ಣಿನ ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಳ್ಳಿ. ಅದರ ವರ್ಗಮೂಲ ಹುಡುಕಿ, 3.85ರಿಂದ ಗುಣಿಸಿ. ಬರುವ ಉತ್ತರ ಕಿಲೋಮೀಟರ್‌ನಲ್ಲಿ ದಿಗಂತದ ದೂರ. ಗಾಳಿ ಬೆಳಕನ್ನು ಸ್ವಲ್ಪ ಬಗ್ಗಿಸುತ್ತದೆ. ಆ ಲಾಭವೂ ಈ ಅಂಕಿಯಲ್ಲಿ ಸೇರಿದೆ.

ದಡದಲ್ಲಿ ನಿಂತವನ ಕಣ್ಣು ಎರಡು ಮೀಟರ್ ಎತ್ತರದಲ್ಲಿದ್ದರೆ ಅವನಿಗೆ ದಿಗಂತ ಕೇವಲ ಐದೂವರೆ ಕಿಲೋಮೀಟರ್. 47 ಮೀಟರ್ ಮೇಲಿನ ದೀಪಕ್ಕೆ 26 ಕಿಲೋಮೀಟರ್. ಹಡಗಿನ ಡೆಕ್ಕಿನಲ್ಲಿ ಹತ್ತು ಮೀಟರ್ ಎತ್ತರದಲ್ಲಿ ನಿಂತವನಿಗೆ 12 ಕಿಲೋಮೀಟರ್. ದೀಪವನ್ನು ಹಡಗಿನಿಂದ ನೋಡುವಾಗ ಇಬ್ಬರ ದಿಗಂತವನ್ನೂ ಕೂಡಿಸಬೇಕು. 26ಕ್ಕೆ 12 ಸೇರಿಸಿದರೆ 38 ಕಿಲೋಮೀಟರ್.

ಆ ಕಾಲದ ಉಗಿಹಡಗು ಗಂಟೆಗೆ ಹತ್ತು ನಾಟ್, ಅಂದರೆ ಹದಿನೆಂಟು ಹತ್ತೊಂಬತ್ತು ಕಿಲೋಮೀಟರ್ ಹೋಗುತ್ತಿತ್ತು ಎಂದು ಇಟ್ಟುಕೊಳ್ಳಿ. 38 ಕಿಲೋಮೀಟರ್ ಅಂದರೆ ಎರಡು ಗಂಟೆ ಮೊದಲೇ ಸೂಚನೆ ಸಿಕ್ಕ ಹಾಗೆ. ದಿಕ್ಕು ಬದಲಿಸಲು ಅಷ್ಟು ಸಮಯ ಬೇಕಾದಷ್ಟು. ದೀಪವನ್ನು ಹತ್ತು ಮೀಟರ್ ಎತ್ತರದಲ್ಲಿ ಇಟ್ಟಿದ್ದರೆ 24 ಕಿಲೋಮೀಟರ್ ಸಿಗುತ್ತಿತ್ತು. ಅದೂ ಲೆಕ್ಕದಲ್ಲಿ ಮಾತ್ರ. ಸುತ್ತಲಿನ ತೆಂಗಿನ ಮರಗಳೇ ಅದಕ್ಕೆ ಅಡ್ಡ ಬರುತ್ತಿದ್ದವು.

ಹಾಗಿದ್ದರೆ ನೂರು ಮೀಟರ್ ಯಾಕೆ ಕಟ್ಟಲಿಲ್ಲ? ವರ್ಗಮೂಲದ ಲೆಕ್ಕದಲ್ಲೇ ಉತ್ತರ ಇದೆ. ದೀಪದ ದಿಗಂತ ಎರಡು ಪಟ್ಟಾಗಬೇಕಾದರೆ ಗೋಪುರ ನಾಲ್ಕು ಪಟ್ಟು ಎತ್ತರ ಆಗಬೇಕು. ಖರ್ಚು ಏರುತ್ತಾ ಹೋಗುತ್ತದೆ, ಲಾಭ ಇಳಿಯುತ್ತಾ ಬರುತ್ತದೆ. ಅದರಲ್ಲೂ ಇದು ಹವಳದ ದ್ವೀಪ. ಇಲ್ಲಿ ಕರಿಕಲ್ಲಿಲ್ಲ, ಇಟ್ಟಿಗೆಗೆ ಮಣ್ಣಿಲ್ಲ. ಗಾಜು, ಕಬ್ಬಿಣ, ಎಣ್ಣೆ ಎಲ್ಲವೂ ಹಡಗಿನಲ್ಲಿ ಬಂದು, ದಿಬ್ಬದ ಹೊರಗಿನಿಂದ ದೋಣಿಗೆ ಇಳಿದು, ಅಲ್ಲಿಂದ ದಡ ಸೇರಬೇಕು.

ಕಾಪು ಲೈಟ್‌ಹೌಸ್ ಹತ್ತಿದವರಿಗೆ ವ್ಯತ್ಯಾಸ ಬೇಗ ಗೊತ್ತಾಗುತ್ತದೆ. 1901ರಲ್ಲಿ ಕಟ್ಟಿದ ಆ ಗೋಪುರಕ್ಕೆ ಕೆಳಗಿನ ಬಂಡೆಯೇ ಸ್ವಲ್ಪ ಎತ್ತರ ಕೊಟ್ಟಿದೆ. ಕಾರವಾರದ ಎದುರಿನ ದೇವಗಡ ದ್ವೀಪದ ಲೈಟ್‌ಹೌಸ್‌ಗೆ ಇಡೀ ಗುಡ್ಡವೇ ಪೀಠ. ಮಿನಿಕಾಯ್‌ಗೆ ಆ ಪುಣ್ಯ ಇಲ್ಲ. ಬೇಕಾದ ಎತ್ತರವನ್ನೆಲ್ಲ ಕಟ್ಟಿಯೇ ಗಳಿಸಬೇಕಾಯಿತು.

ಇಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. ಲೈಟ್‌ಹೌಸ್‌ಗಳ ಪಟ್ಟಿಯಲ್ಲಿ ದೀಪ ಎಷ್ಟು ದೂರ ಕಾಣುತ್ತದೆ ಎಂದು ಬರೆದಿರುತ್ತಾರಲ್ಲ, ಅದು ಸಾಮಾನ್ಯವಾಗಿ ಬೆಳಕಿನ ಶಕ್ತಿಯ ಲೆಕ್ಕ. ಭೂಮಿಯ ಉಬ್ಬಿನ ಲೆಕ್ಕ ಬೇರೆ. ಬೆಳಕಿಗೆ 70 ಕಿಲೋಮೀಟರ್ ಹೋಗುವ ಶಕ್ತಿ ಇರಬಹುದು, ಆದರೆ 38 ಕಿಲೋಮೀಟರ್ ಆಚೆ ದೀಪವೇ ದಿಗಂತದ ಕೆಳಗೆ ಇಳಿದಿರುತ್ತದೆ. ಉಳಿದ ಶಕ್ತಿ ಪೂರ್ತಿ ವ್ಯರ್ಥವೂ ಅಲ್ಲ. ಗಾಳಿಯಲ್ಲಿನ ತೇವ, ಧೂಳಿಗೆ ಬಡಿದು ಆಕಾಶದಲ್ಲಿ ಮಂಕಾದ ಹೊಳಪು ಸುತ್ತುತ್ತಿರುತ್ತದೆ. ದೀಪ ಕಾಣುವ ಮೊದಲೇ ನಾವಿಕರಿಗೆ ಆ ಹೊಳಪು ಕಾಣುತ್ತದೆ.

ಆಮೇಲೆ ದೀಪದ ಚುಕ್ಕಿ ದಿಗಂತದಲ್ಲಿ ಮೇಲೆ ಬರುತ್ತದೆ. ಆಗ ಹಳೇ ನಾವಿಕರು ಒಂದು ಪರೀಕ್ಷೆ ಮಾಡುತ್ತಿದ್ದರು. ನಿಂತಲ್ಲೇ ಕುಕ್ಕರಗಾಲಲ್ಲಿ ಕೂರುವುದು. ಚುಕ್ಕಿ ಮಾಯವಾಯಿತಾ? ಎದ್ದು ನಿಂತರೆ ಮತ್ತೆ ಬಂತಾ? ಹಾಗಾದರೆ ದೀಪ ಸರಿಯಾಗಿ ದಿಗಂತದ ಅಂಚಿನಲ್ಲಿದೆ. ದೀಪದ ಎತ್ತರ ಪುಸ್ತಕದಲ್ಲಿದೆ, ತನ್ನ ಕಣ್ಣಿನ ಎತ್ತರ ಗೊತ್ತಿದೆ. ಮೇಲೆ ಹೇಳಿದ ಲೆಕ್ಕ ಹಾಕಿದರೆ ದೂರ ಸಿಕ್ಕೇಬಿಟ್ಟಿತು. ಯಾವ ಯಂತ್ರವೂ ಬೇಡ. ನನಗಂತೂ ಲೈಟ್‌ಹೌಸ್ ವಿಷಯದಲ್ಲಿ ಇಷ್ಟು ಇಷ್ಟವಾದದ್ದು ಬೇರೆ ಇಲ್ಲ.

ಗಾಜಿನ ಕೆಲಸ

ಎಣ್ಣೆ ದೀಪ ಎಷ್ಟೇ ದೊಡ್ಡದಿರಲಿ, ಅದರ ಬೆಳಕು ಎಲ್ಲ ಕಡೆಗೂ ಚೆಲ್ಲುತ್ತದೆ. ಆಕಾಶಕ್ಕೆ ಹೋದದ್ದು, ನೆಲಕ್ಕೆ ಬಿದ್ದದ್ದು ಯಾರ ಉಪಯೋಗಕ್ಕೂ ಇಲ್ಲ. ಬೇಕಾದದ್ದು ಸಮುದ್ರದ ಮಟ್ಟಕ್ಕೆ ಅಡ್ಡವಾಗಿ ಹೋಗುವ ಬೆಳಕು ಮಾತ್ರ. ದೀಪದ ಮುಂದೆ ದಪ್ಪ ಮಸೂರ ಇಟ್ಟರೆ ಬೆಳಕು ಒಂದು ಕಟ್ಟಾಗುತ್ತದೆ, ನಿಜ. ಆದರೆ ಆಳೆತ್ತರದ ಮಸೂರ ಅಂದರೆ ಗಾಜಿನ ದೊಡ್ಡ ಗುಡ್ಡೆ. ತೂಕ ವಿಪರೀತ, ಒಳಗೇ ಹೀರಿ ಹೋಗುವ ಬೆಳಕೂ ವಿಪರೀತ.

ಫ್ರಾನ್ಸಿನ ಎಂಜಿನಿಯರ್ ಆಗಸ್ಟಿನ್ ಫ್ರೆನೆಲ್ ಇದನ್ನು ಹೀಗೆ ಬಿಡಿಸಿದರು. ಬೆಳಕು ಬಾಗುವುದು ಗಾಜಿನ ಮೇಲ್ಮೈಯಲ್ಲಿ ತಾನೆ? ಒಳಗಿನ ದಪ್ಪ ಗಾಜು ಸುಮ್ನೆ ಭಾರ. ಅದನ್ನು ತೆಗೆದುಹಾಕಿ, ಮೇಲ್ಮೈಯ ಓರೆಯನ್ನಷ್ಟೇ ತೆಳು ಪಟ್ಟಿಗಳಾಗಿ ಒಂದರ ಸುತ್ತ ಒಂದು ಜೋಡಿಸಿದರೆ ಸಾಕು. ಇಂಥ ಮಸೂರ ಮೊದಲು ಬೆಳಗಿದ್ದು 1823ರಲ್ಲಿ, ಫ್ರಾನ್ಸಿನ ಕೋರ್ದುವಾನ್ ಲೈಟ್‌ಹೌಸ್‌ನಲ್ಲಿ. ನಡುವಿನ ಪಟ್ಟಿಗಳು ಬೆಳಕನ್ನು ಬಗ್ಗಿಸುತ್ತವೆ. ಮೇಲೆ ಕೆಳಗೆ ತುಂಬಾ ಓರೆಯಾಗಿ ಹೋಗುವ ಬೆಳಕಿಗೆ ಅಷ್ಟು ಬಗ್ಗಿಸುವುದು ಸಾಲದು. ಅಲ್ಲಿ ತ್ರಿಕೋನದ ಗಾಜುಗಳನ್ನು ಇಡುತ್ತಾರೆ. ಬೆಳಕು ಅವುಗಳ ಒಳಗೇ ಪುಟಿದು ಸಮುದ್ರದ ಕಡೆ ತಿರುಗುತ್ತದೆ. ಎಲ್ಲ ಸೇರಿ ನೋಡಿದರೆ ಸಿಪ್ಪೆ ಬಿಡಿಸಿದ ದೊಡ್ಡ ಅನಾನಸಿನ ಹಾಗೆ ಕಾಣುತ್ತದೆ.

ಈ ಗಾಜಿನ ಗೂಡು ತಿರುಗಿದರೆ ಬೆಳಕಿನ ಕಟ್ಟುಗಳೂ ತಿರುಗುತ್ತವೆ. ಒಂದೊಂದು ಕಟ್ಟು ಹಡಗಿನ ಮೇಲೆ ಹಾದಾಗ ನಾವಿಕನಿಗೆ ಒಂದು ಮಿಂಚು ಕಾಣುತ್ತದೆ. ಅಂದರೆ ದೀಪವನ್ನು ಯಾರೂ ಹಚ್ಚಿ ಆರಿಸುತ್ತಿಲ್ಲ, ಅದು ಉರಿಯುತ್ತಲೇ ಇದೆ. ಕರೆಂಟ್ ಬರುವ ಮೊದಲು ಇಂಥ ಲೈಟ್‌ಹೌಸ್‌ಗಳಲ್ಲಿ ಗೂಡನ್ನು ತಿರುಗಿಸುತ್ತಿದ್ದದ್ದು ಗಡಿಯಾರದಂಥ ಯಂತ್ರ. ಗೋಪುರದೊಳಗೆ ಭಾರದ ಗುಂಡೊಂದು ನಿಧಾನವಾಗಿ ಕೆಳಗಿಳಿಯುತ್ತಾ ಹಲ್ಲುಚಕ್ರಗಳನ್ನು ಓಡಿಸುತ್ತಿತ್ತು. ಗುಂಡು ಕೆಳಗೆ ಬಂದಂತೆ ಕಾವಲುಗಾರ ಕೈಯಿಂದ ತಿರುವಿ ಮೇಲಕ್ಕೆ ಎಳೆಯಬೇಕು. ರಾತ್ರಿಯಿಡೀ ಇದೇ ಕೆಲಸ.

ಹತ್ತಿರ ಹತ್ತಿರದ ಲೈಟ್‌ಹೌಸ್‌ಗಳಿಗೆ ಮಿಂಚಿನ ಲಯ ಬೇರೆ ಬೇರೆ. ಒಂದು ಕಡೆ ಹತ್ತು ಸೆಕೆಂಡಿಗೆ ಒಂದು, ಇನ್ನೊಂದು ಕಡೆ ಎರಡು ಮಿಂಚಿ ದೊಡ್ಡ ಬಿಡುವು. ನಾವಿಕ ಗಡಿಯಾರ ಹಿಡಿದು ಎಣಿಸುತ್ತಾನೆ, ಪುಸ್ತಕ ತೆರೆಯುತ್ತಾನೆ, ಯಾವ ದೀಪ ಎಂದು ಹೇಳುತ್ತಾನೆ. ಬೇರೆ ದೀಪವನ್ನು ನೋಡಿ ಇದೇ ಅದು ಎಂದುಕೊಳ್ಳುವುದು, ದೀಪ ಕಾಣದೇ ಇರುವುದಕ್ಕಿಂತ ಅಪಾಯ.

ಹಗಲು ಹೋದವರು ಗಾಜಿನ ಕೋಣೆಗೆ ಪರದೆ ಎಳೆದಿರುವುದನ್ನು ನೋಡಿ ಬೇಜಾರಾಗುವುದುಂಟು. ಅದಕ್ಕೆ ಕಾರಣ ಇದೆ. ಒಳಗಿನ ಬೆಳಕನ್ನು ಕಟ್ಟು ಮಾಡಿ ಹೊರಗೆ ಕಳಿಸುವ ಗಾಜು, ಹೊರಗಿನ ಬಿಸಿಲನ್ನೂ ಹಾಗೆಯೇ ಕಟ್ಟು ಮಾಡಿ ಒಳಗೆ ತರುತ್ತದೆ. ಪರದೆ ಇಲ್ಲದಿದ್ದರೆ ದೀಪವೇ ಸುಟ್ಟು ಹೋಗಬಹುದು. ಗಾಜು ಮುಟ್ಟಬೇಡಿ ಎಂದು ಸಿಬ್ಬಂದಿ ಹೇಳುವುದೂ ಸುಮ್ನೆ ಅಲ್ಲ. ಬೆರಳಿನ ಎಣ್ಣೆ ಅಂಟಿದ ಜಾಗದಲ್ಲಿ ಬೆಳಕು ಚದುರುತ್ತದೆ. ಉಪ್ಪುಗಾಳಿಯ ಜಾಗದಲ್ಲಿ ಗಾಜು ಒರೆಸುವುದೇ ಮುಗಿಯದ ಕೆಲಸ.

ದುಡ್ಡು ಯಾರದು, ಗೋಪುರ ಯಾರದು?

ಬಂದರಿಗೆ ಬರುವ ಹಡಗಿನಿಂದ ದೀಪದ ಶುಲ್ಕ ಕೇಳಬಹುದು. ದೂರದಲ್ಲೇ ದಾಟಿ ಹೋಗುವ ಹಡಗನ್ನು ಹೇಗೆ ಕೇಳುವುದು? ಅದು ದೀಪ ನೋಡುತ್ತದೆ, ಉಪಯೋಗ ಪಡೆಯುತ್ತದೆ, ಹೋಗುತ್ತದೆ. ನೋಡಬೇಡ ಎಂದು ತಡೆಯುವಂತೆಯೂ ಇಲ್ಲ. ಅರ್ಥಶಾಸ್ತ್ರದ ಪಾಠಗಳಲ್ಲಿ ಸಾರ್ವಜನಿಕ ಸೌಕರ್ಯಕ್ಕೆ ಲೈಟ್‌ಹೌಸನ್ನೇ ಉದಾಹರಣೆ ಕೊಡುತ್ತಾ ಬಂದದ್ದು ಇದಕ್ಕೇ. 1974ರಲ್ಲಿ ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ ಈ ಉದಾಹರಣೆಯನ್ನೇ ಪ್ರಶ್ನಿಸಿದರು. ಇಂಗ್ಲೆಂಡಿನಲ್ಲಿ ಹಿಂದೆ ಖಾಸಗಿಯವರೂ ಲೈಟ್‌ಹೌಸ್ ಕಟ್ಟಿ, ಬಂದರುಗಳಲ್ಲಿ ಶುಲ್ಕ ವಸೂಲಿ ಮಾಡುತ್ತಿದ್ದರು ಎಂದು ತೋರಿಸಿದರು. ಆದರೆ ಮಿನಿಕಾಯ್‌ಗೆ ಅಂಥ ಬಂದರೂ ಇರಲಿಲ್ಲ.

ಬ್ರಿಟಿಷರು ಕಂಡುಕೊಂಡ ದಾರಿ ಸರಳ. ಈ ದೀಪವನ್ನು ಭಾರತದ ಸರ್ಕಾರದ ಲೆಕ್ಕಕ್ಕೆ ಹಾಕಲಿಲ್ಲ. ಲಂಡನ್ನಿನ ಬೋರ್ಡ್ ಆಫ್ ಟ್ರೇಡ್, ಅಂದರೆ ಬ್ರಿಟಿಷ್ ಸರ್ಕಾರದ ವ್ಯಾಪಾರ ಇಲಾಖೆಯ ಕೈಯಲ್ಲಿ ಇಟ್ಟರು. ಶ್ರೀಲಂಕಾದ ಆಗ್ನೇಯದಲ್ಲಿ ಸಮುದ್ರದ ನಡುವೆ ಇರುವ ಗ್ರೇಟ್ ಬಾಸಸ್, ಲಿಟ್ಲ್ ಬಾಸಸ್ ಎಂಬ ಎರಡು ಬಂಡೆಗಳ ದೀಪಗಳ ಜೊತೆಗೇ ಇದರ ವ್ಯವಹಾರವೂ ಸೇರಿತು. ಆ ದಾರಿಯಲ್ಲಿ ಓಡಾಡುವ ಹಡಗುಗಳಿಂದ ಶುಲ್ಕ ಬರುತ್ತಿತ್ತು. ದ್ವೀಪ ಮಾತ್ರ ಕಣ್ಣೂರಿನ ಅರಕ್ಕಲ್ ಮನೆತನದ್ದು. ಕಪ್ಪ ಬಾಕಿ ಎಂಬ ನೆಪದಲ್ಲಿ ಬ್ರಿಟಿಷರು 1875ರಲ್ಲಿ ಆಡಳಿತ ತಮ್ಮ ಕೈಗೆ ತೆಗೆದುಕೊಂಡಿದ್ದರು. ಹಾಗಾಗಿ ನೆಲ ಒಬ್ಬರದು, ಆಡಳಿತ ಇನ್ನೊಬ್ಬರದು, ಗೋಪುರ ಮತ್ತೊಬ್ಬರದು!

ಇದರ ಪರಿಣಾಮ ವಿಚಿತ್ರ. 1947ರಲ್ಲಿ ಭಾರತ ಸ್ವತಂತ್ರವಾಯಿತು. ಮಿನಿಕಾಯ್ ಭಾರತದ ಭಾಗ. ಲೈಟ್‌ಹೌಸ್ ಮಾತ್ರ ಬ್ರಿಟಿಷರ ಕೈಯಲ್ಲೇ ಉಳಿಯಿತು. ಅದು ಭಾರತಕ್ಕೆ ಸಿಕ್ಕಿದ್ದು 1956ರಲ್ಲಿ.

ಅದೇ ವರ್ಷ ನವೆಂಬರ್ 1ರಂದು ಲಕ್ಷದ್ವೀಪ ಕೇಂದ್ರಾಡಳಿತ ಪ್ರದೇಶವಾಯಿತು. ಕನ್ನಡಿಗರಿಗೆ ಇಲ್ಲೊಂದು ನಂಟಿದೆ. ಉತ್ತರದ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾತ್, ಬಿತ್ರಾ ದ್ವೀಪಗಳು 18ನೇ ಶತಮಾನದ ಕೊನೆಯಲ್ಲಿ ಟಿಪ್ಪುವಿನ ಆಳ್ವಿಕೆಗೆ ಬಂದವು. ಅವನ ನಂತರ 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು, ಮಂಗಳೂರಿನಿಂದ ಆಡಳಿತ ನಡೆಯುತ್ತಿತ್ತು. ಆ ದ್ವೀಪಗಳ ತೆಂಗಿನ ನಾರು ಮಂಗಳೂರಿಗೆ ಬಂದು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ಇವತ್ತಿಗೂ ಮಂಗಳೂರಿನ ಹಳೇ ಬಂದರಿನಿಂದ ಮಂಜಿ ಎಂಬ ಸರಕು ದೋಣಿಗಳು ಜಲ್ಲಿ, ಸಿಮೆಂಟ್, ತರಕಾರಿ ಹೇರಿಕೊಂಡು ಲಕ್ಷದ್ವೀಪಕ್ಕೆ ಹೋಗುತ್ತವೆ. ಮಿನಿಕಾಯ್ ಆ ಗುಂಪಿಗೆ ಸೇರಿರಲಿಲ್ಲ, ಅದು ಮಲಬಾರ್ ಜಿಲ್ಲೆಯ ಪಾಲಿಗಿತ್ತು.

ಈಗಲೂ ಬೇಕಾ?

ಜಿಪಿಎಸ್ ಇರುವಾಗ ದೀಪ ಯಾಕೆ ಎಂದು ಕೇಳುವವರಿದ್ದಾರೆ. 2020ರ ಜುಲೈನಲ್ಲಿ 'ವಾಕಾಶಿಯೊ' ಎಂಬ ದೊಡ್ಡ ಸರಕು ಹಡಗು ಮಾರಿಷಸ್‌ನ ಹವಳದ ದಿಬ್ಬಕ್ಕೆ ಬಡಿಯಿತು. ಅದರಲ್ಲಿ ಜಿಪಿಎಸ್‌ನಂಥ ಉಪಕರಣಗಳು ಇದ್ದವು. ಮೊಬೈಲ್ ಸಿಗ್ನಲ್ ಸಿಗಲಿ ಎಂದು ದಡದ ಹತ್ತಿರ ಹೋಗಿದ್ದರು ಎಂದು ಆಮೇಲಿನ ತನಿಖೆಯಲ್ಲಿ ಬಂತು. ಉಪಕರಣ ಇದ್ದರೆ ಸಾಲದು, ಅದನ್ನು ನೋಡುವ ಕಣ್ಣು ಎಚ್ಚರವಾಗಿರಬೇಕು. ಕಿಟಕಿಯಾಚೆ ಮಿಂಚುವ ದೀಪ ಆ ಕೆಲಸ ಮಾಡುತ್ತದೆ. ಉಪಗ್ರಹದ ಸಂಕೇತವನ್ನು ಬೇಕೆಂದೇ ಕೆಡಿಸುವುದೂ ಈಚೆಗೆ ಕೆಲವು ಸಮುದ್ರಗಳಲ್ಲಿ ನಡೆಯುತ್ತಿದೆ. ಗೋಪುರದ ದೀಪವನ್ನು ಹಾಗೆ ದೂರದಿಂದ ಕೆಡಿಸಲಾಗದು.

ಊರಿನ ಟ್ಯೂನಾ ದೋಣಿಗಳಿಗೆ ಉಪಗ್ರಹಕ್ಕಿಂತ ದೀಪ ಹತ್ತಿರ. ಕತ್ತಲಾದ ಮೇಲೆ ಬರುವವರಿಗೆ ಊರು ಯಾವ ಕಡೆ ಎಂದು ಅದು ತೋರಿಸುತ್ತದೆ. ಯಾರಿಗಾಗಿ ಕಟ್ಟಿರಲಿಲ್ಲವೋ ಅವರಿಗೇ ಈಗ ಉಪಯೋಗ ಜಾಸ್ತಿ ಎಂದರೂ ತಪ್ಪಿಲ್ಲ.

ಹೋಗುವುದು ಹೇಗೆ

ಲಕ್ಷದ್ವೀಪಕ್ಕೆ ಹೋಗಲು ಭಾರತೀಯರಿಗೂ ಪರವಾನಗಿ ಬೇಕು. 1967ರ ನಿಯಮಗಳಿಂದ ಬಂದ ವ್ಯವಸ್ಥೆ ಇದು. ಸಣ್ಣ ದ್ವೀಪಗಳಿಗೆ ಹೊರಗಿನವರ ಭಾರ ಬೀಳಬಾರದು ಎಂಬುದು ಇದರ ಹಿಂದಿನ ಯೋಚನೆ. ನನಗೆ ಇದು ಸರಿ ಅನ್ನಿಸುತ್ತದೆ, ಕಿರಿಕಿರಿ ಇದ್ದರೂ. ಯಾವ ದ್ವೀಪಕ್ಕೆ ಎಂದು ಪರವಾನಗಿಯಲ್ಲಿ ಬರೆದಿರುತ್ತದೆ. ಅರ್ಜಿಯ ಕ್ರಮ ಆಗಾಗ ಬದಲಾಗುತ್ತದೆ. ಹಾಗಾಗಿ ಟಿಕೆಟ್ ಮಾಡುವ ಮೊದಲು ಲಕ್ಷದ್ವೀಪ ಆಡಳಿತದ ಜಾಲತಾಣದಲ್ಲಿ ಆ ದಿನದ ನಿಯಮ ನೋಡಿಕೊಳ್ಳಿ, ಹಳೇ ವಿಡಿಯೋ ನಂಬಬೇಡಿ.

ಲಕ್ಷದ್ವೀಪಕ್ಕೆ ಇರುವ ವಿಮಾನ ನಿಲ್ದಾಣ ಅಗತ್ತಿಯದು. ಅದು ಮಿನಿಕಾಯ್‌ನಿಂದ ತುಂಬಾ ದೂರ. ಸರಿಯಾದ ದಾರಿ ಕೊಚ್ಚಿಯಿಂದ ಹಡಗು. ಪ್ರವಾಸೋದ್ಯಮ ನಡೆಸುವ ಸರ್ಕಾರಿ ಸಂಸ್ಥೆ ಸ್ಪೋರ್ಟ್ಸ್‌ನ 'ಸಮುದ್ರಂ' ಪ್ಯಾಕೇಜ್‌ನಲ್ಲಿ ಕವರತ್ತಿ, ಕಲ್ಪೇನಿ, ಮಿನಿಕಾಯ್ ಸೇರಿರುತ್ತವೆ. ರಾತ್ರಿ ಹಡಗಿನಲ್ಲಿ, ಹಗಲು ದ್ವೀಪದಲ್ಲಿ. ಮುಂಗಾರಿನ ತಿಂಗಳುಗಳಲ್ಲಿ ಹೋಗುವ ಆಸೆ ಬಿಡಿ. ಅಲೆ ಇದ್ದರೆ ಹಡಗಿನಿಂದ ದೋಣಿಗೆ ಇಳಿಯುವುದು ಮಂಡಿನೋವು ಇರುವವರಿಗೆ ಕಷ್ಟ. ಹೊಟ್ಟೆ ತೊಳಸುವವರು ಮಾತ್ರೆಯನ್ನು ಹಡಗು ಹೊರಡುವ ಮೊದಲೇ ತಿನ್ನಬೇಕು, ಶುರುವಾದ ಮೇಲೆ ತಿಂದರೆ ಅಷ್ಟಾಗಿ ಕೆಲಸ ಮಾಡುವುದಿಲ್ಲ.

ದ್ವೀಪದಲ್ಲಿ ಸಿಗುವುದು ಒಂದು ಹಗಲು ಮಾತ್ರ. ಈಜು, ಊಟ, ಊರು ಸುತ್ತುವುದರಲ್ಲೇ ಅದು ಮುಗಿದುಹೋಗುತ್ತದೆ. ಲೈಟ್‌ಹೌಸ್‌ಗೆ ಯಾವಾಗ ಬಿಡುತ್ತಾರೆ ಎಂದು ದೋಣಿ ಇಳಿದ ಕೂಡಲೇ ಕೇಳಿ. ಮೆಟ್ಟಿಲು ಸುತ್ತಿ ಸುತ್ತಿ ಏರುತ್ತವೆ, ಒಳಗೆ ಸೆಕೆ ಇರುತ್ತದೆ, ನೀರು ಕುಡಿದು ಹತ್ತಿ. ಮೇಲೆ ಹೋದ ಮೇಲೆ ಮೊದಲು ಲಗೂನ್ ಕಡೆಗಲ್ಲ, ಅದರ ಅಂಚಿನ ಬಿಳಿ ನೊರೆಯ ಗೆರೆಯ ಕಡೆಗೆ ನೋಡಿ. ಒಳಗೆ ತಿಳಿ ಹಸಿರು, ಆಚೆಗೆ ಥಟ್ಟನೆ ಕಡುನೀಲಿ. ನಡುವೆ ಬಣ್ಣ ನಿಧಾನವಾಗಿ ಬದಲಾಗುವುದೇ ಇಲ್ಲ. 'ಕೊಲಂಬೊ' ಹಡಗಿಗೆ ಸೂಚನೆ ಯಾಕೆ ಸಿಗಲಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಬೇಕಿಲ್ಲ. ಇಡೀ ದ್ವೀಪ ತೆಂಗಿನ ತಲೆಗಳ ಒಂದು ಸಪೂರ ಪಟ್ಟಿಯಾಗಿ ಉತ್ತರಕ್ಕೆ ಬಾಗಿ ಹೋಗುವುದೂ ಕಾಣುತ್ತದೆ.

ಒಂದು ತೊಂದರೆ ಇದೆ. ಹಗಲು ಬಂದು ಸಂಜೆ ಹಡಗಿಗೆ ಮರಳುವವರು ದ್ವೀಪದ ಮೇಲೆ ನಿಂತು ದೀಪ ಉರಿಯುವುದನ್ನು ನೋಡುವುದಿಲ್ಲ. ಆದರೆ ಈ ದೀಪ ಇರುವುದೇ ಹಡಗಿನಲ್ಲಿರುವವರಿಗೆ. ಹಾಗಾಗಿ ರಾತ್ರಿ ಊಟ ಬೇಗ ಮುಗಿಸಿ ಡೆಕ್ಕಿಗೆ ಬನ್ನಿ. ಹಡಗು ಗಂಟೆಗೆ 22 ಕಿಲೋಮೀಟರ್ ಹೋಗುತ್ತಿದೆ, ನಿಮ್ಮ ಕಣ್ಣು ನೀರಿನಿಂದ 12 ಮೀಟರ್ ಮೇಲಿದೆ ಎಂದುಕೊಂಡರೆ, ಸುಮಾರು 40 ಕಿಲೋಮೀಟರ್‌ವರೆಗೆ, ಅಂದರೆ ಹೊರಟು ಒಂದೂಮುಕ್ಕಾಲು ಗಂಟೆಯವರೆಗೆ ದೀಪ ಕಾಣಬೇಕು. ಮೊಬೈಲ್‌ನ ಗಡಿಯಾರ ಹಿಡಿದು ಎರಡು ಮಿಂಚುಗಳ ನಡುವಿನ ಸೆಕೆಂಡು ಎಣಿಸಿ. ಚುಕ್ಕಿ ದಿಗಂತಕ್ಕೆ ತಾಗಿದಾಗ ಕುಕ್ಕರಗಾಲಲ್ಲಿ ಕೂತು ನೋಡಿ. ಪೂರ್ತಿ ಮುಳುಗಿದ ಮೇಲೆ ಮೆಟ್ಟಿಲು ಹತ್ತಿ ಮೇಲಿನ ಡೆಕ್ಕಿಗೆ ಓಡಿ. ಮೂರು ಮೀಟರ್ ಎತ್ತರ ಹೆಚ್ಚಾದರೆ ಲೆಕ್ಕದ ಪ್ರಕಾರ ಇನ್ನೂ ಒಂದೂವರೆ ಕಿಲೋಮೀಟರ್, ಅಂದರೆ ನಾಲ್ಕು ನಿಮಿಷ ಜಾಸ್ತಿ ಸಿಗಬೇಕು.